ಮಾಂಸದ ಮಂಡಿಗೆ ಬಂದ ಮ್ಯೂಸಿಯಂ

ಎರಡು ಸಾವಿರ ವರ್ಷದ ಊರೊಂದರ ಕಥೆ ಹೇಳುವ ಹೊಣೆ ಹೊತ್ತ ಲಂಡನ್ ಮ್ಯೂಸಿಯಂ ಒಂದೇ ಕಡೆ ಕಾಲೂರಿ ನಿಂತದ್ದು ಕಡಿಮೆ. 1912ರಲ್ಲಿ ಅದು ಶುರುವಾದದ್ದು ಕೆನ್ಸಿಂಗ್ಟನ್ ಅರಮನೆಯ ಕೋಣೆಗಳಲ್ಲಿ. ಎರಡೇ ವರ್ಷಕ್ಕೆ ಲ್ಯಾಂಕಾಸ್ಟರ್ ಹೌಸ್ ಎಂಬ ಭಾರಿ ಬಂಗಲೆಗೆ ಎತ್ತಂಗಡಿಯಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಬಂಗಲೆ ಸರ್ಕಾರಕ್ಕೆ ಬೇಕಾಯಿತು. ಮತ್ತೆ ಗಂಟುಮೂಟೆ ಕಟ್ಟಿಕೊಂಡು ಕೆನ್ಸಿಂಗ್ಟನ್ನಿಗೆ. ಇದೇ ಊರಿನಲ್ಲಿ 1826ರಿಂದ ಗಿಲ್ಡ್‌ಹಾಲ್ ಮ್ಯೂಸಿಯಂ ಎಂಬ ಇನ್ನೊಂದು ಸಂಗ್ರಹವಿತ್ತು. ಎರಡನ್ನೂ ಕೂಡಿಸಿ 1976ರ ಡಿಸೆಂಬರಿನಲ್ಲಿ ಬಾರ್ಬಿಕನ್ ಪಕ್ಕದ ಲಂಡನ್ ವಾಲ್ ರಸ್ತೆಯಲ್ಲಿ ಹೊಸ ಕಟ್ಟಡ ತೆರೆದರು. ಇನ್ನು ಇದೇ ಖಾಯಂ ನೆಲೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆ ಕಟ್ಟಡವೂ 2022ರ ಡಿಸೆಂಬರ್ 4ರಂದು ಬಾಗಿಲು ಮುಚ್ಚಿತು. ಈಗ ಮ್ಯೂಸಿಯಂ ಅಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಸ್ಮಿತ್‌ಫೀಲ್ಡಿಗೆ, ಮಾಂಸದ ಸಗಟು ಮಂಡಿಗೆ ಸೇರಿದ ಎರಡು ಹಳೆಯ ಕಟ್ಟಡಗಳಿಗೆ ಸಾಗುತ್ತಿದೆ. 2026ರಲ್ಲಿ ಒಂದನ್ನು, 2028ರಲ್ಲಿ ಇನ್ನೊಂದನ್ನು ತೆರೆಯುವ ಯೋಜನೆ. ಖರ್ಚಿನ ಅಂದಾಜು 43.7 ಕೋಟಿ ಪೌಂಡ್.

2025ರ ಏಪ್ರಿಲಿನಲ್ಲಿ ನಮ್ಮಕ್ಕನ ಮಗಳ ಮನೆಯಲ್ಲಿ ಉಳಿದುಕೊಳ್ಳಲು ಲಂಡನ್ನಿಗೆ ಹೋದಾಗ ನನ್ನ ತಲೆ ತುಂಬ ಈ ಸ್ಥಳಾಂತರವೇ ಇತ್ತು. ತೆರೆಯದ ಮ್ಯೂಸಿಯಂ ನೋಡಲು ಯಾರಾದರೂ ಹೋಗುತ್ತಾರೆಯೇ ಎಂದು ಮನೆಯಲ್ಲಿ ಕೇಳಿದರು. ನನಗೆ ಬೇಕಿದ್ದದ್ದು ಅದೇ. ತುಂಬಿದ ಮ್ಯೂಸಿಯಂ ಯಾರಿಗೂ ಸಿಗುತ್ತದೆ. ಒಂದು ಊರು ತನ್ನ ನೆನಪನ್ನೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಸಾಗಿಸುವ ಗಳಿಗೆ ಮಾತ್ರ ಎಲ್ಲರ ಪಾಲಿಗೂ ಬರುವುದಿಲ್ಲ.

ಹಳೆಯ ಕಟ್ಟಡವನ್ನು ಎಷ್ಟೋ ವರ್ಷಗಳ ಹಿಂದೆ ನೋಡಿದ್ದೆ. ಅದಕ್ಕೆ ರಸ್ತೆಯ ಮಟ್ಟದಲ್ಲಿ ಬಾಗಿಲೇ ಇರಲಿಲ್ಲ. ವಾಹನಗಳು ಸುತ್ತುವ ದೊಡ್ಡ ವೃತ್ತ, ವೃತ್ತದ ನಡುವೆ ಇಟ್ಟಿಗೆಯ ದುಂಡು ಗೋಡೆ, ಮೇಲೆ ಕಾಲುಸೇತುವೆ. ಮೆಟ್ಟಿಲು ಹತ್ತಿ, ಸೇತುವೆ ದಾಟಿ, ಬಾಣದ ಗುರುತು ಹುಡುಕಿಕೊಂಡು ಒಳಗೆ ಹೋಗಬೇಕಿತ್ತು. ಯುದ್ಧಾನಂತರದ ನಗರ ಯೋಜಕರು ನಡೆಯುವವರನ್ನು ಮೇಲಕ್ಕೆ ಎತ್ತಿ ವಾಹನಗಳಿಗೆ ನೆಲ ಬಿಟ್ಟುಕೊಟ್ಟ ಕಾಲ ಅದು. ಒಳಗೆ ಹೋದ ಮೇಲೆ ಮಾತ್ರ ಬಿಟ್ಟು ಬರಲು ಮನಸ್ಸಾಗುತ್ತಿರಲಿಲ್ಲ. ರೋಮನ್ ಗ್ಯಾಲರಿಯ ಕಿಟಕಿಯಲ್ಲಿ ಇಣುಕಿದರೆ ಹೊರಗೆ ನಿಜವಾದ ರೋಮನ್ ಕೋಟೆಗೋಡೆ. 18ನೆಯ ಶತಮಾನದ ಸಾಲಗಾರರ ಜೈಲಿನ ಒಂದು ಕೋಣೆಯನ್ನು ಹಲಗೆ ಹಲಗೆಯಾಗಿ ಬಿಚ್ಚಿ ತಂದು ಹಾಗೇ ನಿಲ್ಲಿಸಿದ್ದರು. ಕೈದಿಗಳು ಮರದಲ್ಲಿ ಕೊರೆದಿದ್ದ ಹೆಸರು, ಚಿತ್ರಗಳೆಲ್ಲ ಕಾಣುತ್ತಿದ್ದವು. ಆ ಹಲಗೆಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಕೊಡಬೇಕಾದ ಹಣ ಕೊಡಲಾಗದವನೂ ತನ್ನ ಹೆಸರನ್ನು ಮರದ ಮೇಲೆ ಬಿಟ್ಟುಹೋಗಿದ್ದ.

ಆ ಕಟ್ಟಡದಲ್ಲಿ ಮ್ಯೂಸಿಯಂ ಇದ್ದದ್ದು 46 ವರ್ಷ. ಅದನ್ನು ಕೆಡವಿ ಕಚೇರಿಗಳನ್ನು ಕಟ್ಟುವ ಯೋಜನೆಗೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಉಳಿಸಿಕೊಳ್ಳಿ, ಬೇರೆ ಕೆಲಸಕ್ಕೆ ಬಳಸಿ ಎಂದು ಸುತ್ತಲ ನಿವಾಸಿಗಳು ಹೋರಾಡಿದರು. ಒಂದು ಹಳೆಯ ಕಟ್ಟಡ ಬದುಕಿಕೊಳ್ಳುವ ಹೊತ್ತಿಗೇ ಅಷ್ಟೇನೂ ಹಳೆಯದಲ್ಲದ ಇನ್ನೊಂದು ಸಾಯುವ ಸಾಲಿನಲ್ಲಿ ನಿಂತಿರುವುದು ನನಗೆ ಸರಿಯೆನಿಸುವುದಿಲ್ಲ. 1976ರ ಕಾಂಕ್ರೀಟಿಗೂ ಮುಂದೊಂದು ದಿನ ಹಳೆಯದಾಗುವ ಹಕ್ಕಿದೆ.

ಫ್ಯಾರಿಂಗ್ಡನ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಸ್ಮಿತ್‌ಫೀಲ್ಡ್ ಕಣ್ಣೆದುರೇ. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮೂಲೆಗಳಲ್ಲಿ ಗೋಪುರ. ಒಂದರ ಪಕ್ಕ ಒಂದರಂತೆ ರಸ್ತೆಯುದ್ದಕ್ಕೂ ಮಾರುಕಟ್ಟೆಯ ಕಟ್ಟಡಗಳು. ಕಟ್ಟಿಸಿದವನು ಹೊರೇಸ್ ಜೋನ್ಸ್, ಟವರ್ ಬ್ರಿಜ್ಜಿನ ವಾಸ್ತುಶಿಲ್ಪಿ. ಮಾಂಸದ ಮುಖ್ಯ ಮಾರುಕಟ್ಟೆ 1868ರಲ್ಲಿ ತೆರೆಯಿತು, ಜನರಲ್ ಮಾರ್ಕೆಟ್ 1883ರಲ್ಲಿ. ಅದಕ್ಕೂ ಮೊದಲು ಇದು ಬಯಲು. ನೂರಾರು ವರ್ಷ ಇಲ್ಲಿ ಜೀವಂತ ದನ ಕುರಿಗಳ ಸಂತೆ ನಡೆಯುತ್ತಿತ್ತು. 19ನೆಯ ಶತಮಾನದ ನಡುವಿನ ಹೊತ್ತಿಗೆ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ದನ, 15 ಲಕ್ಷದಷ್ಟು ಕುರಿ ಊರಿನ ಬೀದಿಗಳಲ್ಲೇ ನಡೆದು ಬರುತ್ತಿದ್ದವು. ಸಗಣಿ, ರಕ್ತ, ಕೂಗಾಟ, ಕಾಲ್ತುಳಿತಗಳನ್ನು ಊರು ತಡೆಯದಾದಾಗ, 1855ರಲ್ಲಿ ಜೀವಂತ ಪ್ರಾಣಿಗಳ ವ್ಯಾಪಾರವನ್ನು ಉತ್ತರದ ಇಸ್ಲಿಂಗ್ಟನ್ ಕಡೆಗೆ ಸಾಗಿಸಿ, ಇಲ್ಲಿ ಕಡಿದ ಮಾಂಸದ ವ್ಯಾಪಾರವನ್ನಷ್ಟೇ ಉಳಿಸಿಕೊಂಡರು.

ಸಂತೆಯ ಬಯಲು ಎಂದರೆ ಜನ ಸೇರುವ ಜಾಗ, ಜನ ಸೇರುವ ಜಾಗದಲ್ಲೇ ಅರಸರು ಶಿಕ್ಷೆ ಕೊಡುತ್ತಿದ್ದರು. ಸ್ಕಾಟ್ಲೆಂಡಿನ ವಿಲಿಯಂ ವಾಲೆಸ್‌ನನ್ನು 1305ರಲ್ಲಿ ಕೊಂದದ್ದು ಇಲ್ಲಿ. ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯ ಹೊರಗೋಡೆಯ ಮೇಲೆ ಅವನ ಹೆಸರಿನ ಫಲಕವಿದೆ. ಕೆಳಗೆ ಯಾರೋ ಇಟ್ಟುಹೋದ ಹೂವಿನ ಗೊಂಚಲು, ಸ್ಕಾಟ್ಲೆಂಡಿನ ಪುಟ್ಟ ಬಾವುಟ. 1381ರಲ್ಲಿ ತಲೆಗಂದಾಯದ ವಿರುದ್ಧ ದಂಗೆಯೆದ್ದ ರೈತರ ಮುಂದಾಳು ವ್ಯಾಟ್ ಟೈಲರ್, ದೊರೆಯೊಂದಿಗೆ ಮಾತಾಡಲು ಬಂದವನು, ಇದೇ ಬಯಲಿನಲ್ಲಿ ಏಟು ತಿಂದ. ಅವನ ನೆನಪಿಗೆ ಒಂದು ಫಲಕ ಬರಲು 2015ರವರೆಗೆ ಕಾಯಬೇಕಾಯಿತು. ಆಸ್ಪತ್ರೆಯೂ ಪಕ್ಕದ ಚರ್ಚೂ ಇಬ್ಬರಿಗಿಂತ ಹಳೆಯವು. ಎರಡನ್ನೂ 1123ರಲ್ಲಿ ರಾಹೀರ್ ಎಂಬ ಒಬ್ಬನೇ ಕಟ್ಟಿಸಿದ. ಆಸ್ಪತ್ರೆ ಅಂದಿನಿಂದ ಅದೇ ಜಾಗದಲ್ಲಿ ರೋಗಿಗಳನ್ನು ನೋಡುತ್ತಿದೆ. ಊರ ಚರಿತ್ರೆಯ ಮ್ಯೂಸಿಯಂಗೆ ಇದಕ್ಕಿಂತ ಒಳ್ಳೆಯ ಜಾಗ ಲಂಡನ್ನಿನಲ್ಲಿ ಎಲ್ಲಿ ಸಿಕ್ಕೀತು?

ಮ್ಯೂಸಿಯಂ ಮೊದಲು ತೆರೆಯಲಿರುವ ಜನರಲ್ ಮಾರ್ಕೆಟ್ಟಿನ ಸುತ್ತ ಬೇಲಿ ಹಾಕಿದ್ದರು. ಹಲಗೆಗಳ ಮೇಲೆ ಮ್ಯೂಸಿಯಂನ ಹೊಸ ಗುರುತು: ಬಿಳಿ ಪಾರಿವಾಳ, ಅದರ ಪಕ್ಕದಲ್ಲಿ ಮಿನುಗುವ ಹಿಕ್ಕೆ. 2024ರಲ್ಲಿ ಇದು ಹೊರಬಂದಾಗ ಕೆಲವರು ಮೂಗು ಮುರಿದರಂತೆ. ನನಗೆ ಇಷ್ಟವಾಯಿತು. ಅರಮನೆಯಲ್ಲಿ ಹುಟ್ಟಿದ ಮ್ಯೂಸಿಯಂ ಬೀದಿಗೆ ಬರುವಾಗ ಸಿಂಹವನ್ನೋ ಕಿರೀಟವನ್ನೋ ಹಿಡಿದುಕೊಳ್ಳದೆ ಬೀದಿಯ ಹಕ್ಕಿಯನ್ನೇ ಆರಿಸಿಕೊಂಡಿದೆ.

ಬೇಲಿಯ ಸಂದಿನಲ್ಲಿ ಕಂಡದ್ದು ಸ್ವಲ್ಪ. ಕಂಬಿಗಳ ಅಟ್ಟಣಿಗೆ, ಎತ್ತರದ ಚಾವಣಿಯಿಂದ ಇಳಿಯುವ ಬೆಳಕು, ಹೆಲ್ಮೆಟ್ ಹಾಕಿದ ಇಬ್ಬರು. ಆದರೆ ಈ ಕಟ್ಟಡದ ಮೈಮೇಲಿನ ಗಾಯಗಳು ಹೊರಗಿನಿಂದಲೂ ಅಂದಾಜಿಗೆ ಸಿಗುತ್ತವೆ. 1945ರ ಮಾರ್ಚ್ 8ರ ಬೆಳಿಗ್ಗೆ, ಯುದ್ಧ ಮುಗಿಯಲು ಎರಡು ತಿಂಗಳಿರುವಾಗ, ಜರ್ಮನರ ವಿ-2 ರಾಕೆಟ್ ಇದರ ಮೂಲೆಗೆ ಬಂದು ಬಡಿಯಿತು. ರೇಷನ್ ಕಾಲ. ಮೊಲದ ಮಾಂಸ ಬಂದಿದೆ ಎಂಬ ಸುದ್ದಿ ಹಬ್ಬಿ ಹೆಂಗಸರು ಮಕ್ಕಳನ್ನು ಕರೆದುಕೊಂಡು ಸಾಲು ನಿಂತಿದ್ದರು. ನೆಲ ಕುಸಿದು ಎಷ್ಟೋ ಮಂದಿ ಕೆಳಗಿನ ರೈಲು ಸುರಂಗಕ್ಕೆ ಬಿದ್ದರು. ಸತ್ತವರು 110. ಕಟ್ಟಡದ ಮೂಲ ಗುಮ್ಮಟ ಆ ದಿನ ಹೋದದ್ದು. ಯುದ್ಧದ ನಂತರ ಆ ಜಾಗದಲ್ಲಿ ಕಾಂಕ್ರೀಟಿನದನ್ನು ಕೂರಿಸಿದರು. ಮ್ಯೂಸಿಯಂಗೆ ಸೇರುವ ಇನ್ನೊಂದು ಕಟ್ಟಡವಾದ ಪಕ್ಕದ ಕೋಳಿ ಮಾರುಕಟ್ಟೆಗೆ 1958ರಲ್ಲಿ ಬೆಂಕಿ ಬಿದ್ದು, ನೆಲಮಾಳಿಗೆಯಲ್ಲಿ ದಿನಗಟ್ಟಲೆ ಉರಿದು, ಇಬ್ಬರು ಅಗ್ನಿಶಾಮಕರು ಸತ್ತರು. ಈಗ ಅಲ್ಲಿರುವುದು 1963ರ ಕಟ್ಟಡ. ನಡುವೆ ಒಂದೂ ಕಂಬವಿಲ್ಲದೆ ಹರಡಿಕೊಂಡ ಅದರ ಕಾಂಕ್ರೀಟ್ ಗುಮ್ಮಟ ಆ ಕಾಲಕ್ಕೆ ಯುರೋಪಿನಲ್ಲೇ ಅತಿ ದೊಡ್ಡದು ಎನಿಸಿಕೊಂಡಿತ್ತು.

ರಾಕೆಟ್ಟಿಗೂ ಬೀಳದ ಜನರಲ್ ಮಾರ್ಕೆಟ್ ಕಚೇರಿ ಕಟ್ಟುವವರ ಕೈಯಲ್ಲಿ ಬೀಳುವುದರಲ್ಲಿತ್ತು. ವ್ಯಾಪಾರ ನಿಂತು ದಶಕಗಳ ಕಾಲ ಖಾಲಿ ಬಿದ್ದಿತ್ತು. ಕೆಡವಿ ಕಚೇರಿ ಗೋಪುರ ಎಬ್ಬಿಸುತ್ತೇವೆಂದು ಒಬ್ಬರು ಬಂದರು. ಸಾರ್ವಜನಿಕ ವಿಚಾರಣೆ ನಡೆದು 2008ರಲ್ಲಿ ಸರ್ಕಾರ ಬೇಡವೆಂದಿತು. ಆಮೇಲೆ ಇನ್ನೊಬ್ಬರು ಬಂದು, ಹೊರಮುಖ ಉಳಿಸಿಕೊಂಡು ಒಳಗಿನದನ್ನು ಬಹುಪಾಲು ತೆಗೆದು ಕಚೇರಿ ಮಾಡುತ್ತೇವೆಂದರು. 2014ರಲ್ಲಿ ಅದಕ್ಕೂ ಸರ್ಕಾರ ಒಪ್ಪಲಿಲ್ಲ. ಎರಡು ಸಲವೂ ಬೆನ್ನು ಬಿಡದೆ ಹೋರಾಡಿದ್ದು ಸೇವ್ ಬ್ರಿಟನ್ಸ್ ಹೆರಿಟೇಜ್, ವಿಕ್ಟೋರಿಯನ್ ಸೊಸೈಟಿಯಂಥ ಸಂಘಗಳು. ಮ್ಯೂಸಿಯಂ ಇಲ್ಲಿಗೆ ಬರುವ ಮಾತು ಬಹಿರಂಗವಾದದ್ದು ಅದರ ಮಾರನೆಯ ವರ್ಷ. ಕಟ್ಟಡ ಉಳಿಸಿದವರು ಮೊದಲು ಬೇಡ ಎನ್ನಲು ಕಲಿತಿದ್ದರು, ಹಾಗಾಗಿಯೇ ಮ್ಯೂಸಿಯಂಗೆ ಬರುತ್ತೇನೆ ಎನ್ನಲು ಒಂದು ಕಟ್ಟಡ ಉಳಿದಿತ್ತು. ಮೈಸೂರಿನವಳಾದ ನನಗೆ ಈ ಕಥೆ ಓದುವಾಗೆಲ್ಲ ದೇವರಾಜ ಮಾರುಕಟ್ಟೆ ಕಣ್ಣಿಗೆ ಕಟ್ಟುತ್ತದೆ. 2016ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ಬಿದ್ದ ಮೇಲೆ ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಕೋರ್ಟಿನ ಮೆಟ್ಟಿಲೇರಿತು. ಹೂವು, ಎಲೆ, ಅರಿಸಿನ ಕುಂಕುಮದ ಅಂಗಡಿಗಳವರು ಮಾತ್ರ ಆ ಜಗಳದ ಕೆಳಗೇ ದಿನಾ ಬೆಳಿಗ್ಗೆ ಬಾಗಿಲು ತೆಗೆಯುತ್ತ ಬಂದರು.

ಹಗಲು ಹೊತ್ತಿನ ಸ್ಮಿತ್‌ಫೀಲ್ಡ್ ನೋಡಿ ಮನೆಗೆ ಬಂದು ವರ್ಣಿಸುತ್ತಿದ್ದಾಗ ಅಕ್ಕನ ಮಗಳು ನಕ್ಕಳು.

"ಚಿಕ್ಕಮ್ಮ, ನೀವು ನೋಡಿದ್ದು ಮಾರ್ಕೆಟ್ ಮಲಗಿದ್ದಾಗ. ಅವರ ಹಗಲು ಶುರುವಾಗೋದೇ ನಡುರಾತ್ರಿ."

ಅವಳು ನರ್ಸು, ವಾರದಲ್ಲಿ ಹಲವು ದಿನ ರಾತ್ರಿ ಪಾಳಿ. ಕೆಲಸ ಮುಗಿಸಿ ಬರುವಾಗ ಆ ದಾರಿಯಲ್ಲಿ ಬಿಳಿ ಕೋಟಿನವರು ಲಾರಿ ತುಂಬುವುದನ್ನು ಎಷ್ಟೋ ಸಲ ನೋಡಿದ್ದಾಳೆ. ರಜೆಯಿದ್ದ ರಾತ್ರಿಯೊಂದರಲ್ಲಿ ಕರೆದುಕೊಂಡು ಹೋಗುತ್ತೇನೆಂದು ಅವಳೇ ಹೇಳಿದಳು. ನಾನು ಮಾಂಸ ತಿನ್ನದ ಮನೆಯಲ್ಲಿ ಬೆಳೆದವಳು. ನಿಮಗೆ ತಡೆಯುತ್ತದೆಯೇ ಎಂದು ಎರಡು ಸಲ ಕೇಳಿದಳು. ಹೊರಟೆವು.

ಮೂರು ಗಂಟೆಯ ಹೊತ್ತಿಗೆ ಬೀದಿಯೆಲ್ಲ ಖಾಲಿ, ಈ ಒಂದು ಕಟ್ಟಡ ಮಾತ್ರ ಮದುವೆ ಮನೆಯ ಹಾಗೆ ಬೆಳಗುತ್ತಿತ್ತು. ಶೈತ್ಯ ಲಾರಿಗಳು ಹಿಂದಕ್ಕೆ ಸರಿಯುವ ಸದ್ದು, ಗಾಲಿಬಂಡಿಗಳ ಗಡಗಡ. ಎರಡು ಸಾಲಿನ ನಡುವಿನ ದೊಡ್ಡ ಹಾದಿಯಲ್ಲಿ ಎರಕದ ಕಬ್ಬಿಣದ ಕಮಾನುಗಳಿಗೆ ನೇರಳೆ, ನೀಲಿ, ಹಸಿರು ಬಣ್ಣ ಬಳಿದಿದ್ದಾರೆ. ಯುದ್ಧದಲ್ಲಿ ಮಡಿದ ಮಾರುಕಟ್ಟೆಯ ಗಂಡಸರ ಹೆಸರುಗಳನ್ನು ಅಲ್ಲಿಯೇ ಗೋಡೆಯ ಮೇಲೆ ಕೆತ್ತಿಸಿದ್ದಾರೆ. ಕೊಳ್ಳುವವರು ಓಡಾಡುವ ಓಣಿಗೆ ತಿರುಗಿದರೆ ಮೂಳೆ ತಣ್ಣಗಾಗುವಷ್ಟು ಚಳಿ. ಗಾಜಿನಾಚೆ ತಲೆಯ ಮೇಲೆ ಓಡುವ ಕಂಬಿಗಳು, ಕಂಬಿಗೆ ಕೊಕ್ಕೆ, ಕೊಕ್ಕೆಗೆ ಇಡೀ ಕುರಿ, ಅರ್ಧ ಹಂದಿ. ಒಬ್ಬ ಮಾಂಸದ ದೊಡ್ಡ ತುಂಡನ್ನು ಗರಗಸದ ಪಟ್ಟಿಗೆ ಒತ್ತಿ ಹಿಡಿದಿದ್ದ. ಒಂದು ಕೈ ಒತ್ತುತ್ತಿತ್ತು, ಇನ್ನೊಂದು ತುಂಡನ್ನು ಸೆಳೆದು ಹಿಂದೆ ಎಸೆಯುತ್ತಿತ್ತು. ಕಣ್ಣು ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತ ಗಿರಾಕಿಯ ಕಡೆ. ಗಿರಾಕಿ ಬೆರಳು ತೋರಿದಷ್ಟೇ ದಪ್ಪಕ್ಕೆ ಮುಂದಿನ ತುಂಡು ಬಂತು. ಅಳತೆಗೋಲಿಲ್ಲ, ಮಾತಿಲ್ಲ. ಬೆಲೆ ಹೇಳಿದ್ದೂ ಗೊಣಗಿದ್ದೂ ಒಂದೇ ಉಸಿರಿನಲ್ಲಿ ಮುಗಿಯಿತು. ಕೊಳ್ಳಲು ಬಂದವರಲ್ಲಿ ಎಲ್ಲ ದೇಶದವರೂ ಇದ್ದರು. ಬಾಂಗ್ಲಾದ ಹೋಟೆಲಿನವನೊಬ್ಬ ನಮ್ಮಿಬ್ಬರನ್ನು ನೋಡಿ ಹಿಂದಿಯಲ್ಲಿ ಕ್ಷೇಮ ವಿಚಾರಿಸಿದ.

ವಾಸನೆ ನಾನು ಹೆದರಿದಷ್ಟು ಇರಲಿಲ್ಲ. ತಣ್ಣಗಿನ ಕಬ್ಬಿಣ, ಒದ್ದೆ ಮರದ ಪುಡಿ, ಸ್ವಲ್ಪ ರಕ್ತ. ಕಣ್ಣು ಹೊರಳಿಸಬೇಕೆನಿಸಿದ ಕಡೆ ಹೊರಳಿಸಿದೆ. ಆದರೆ ಆ ಕೈಗಳ ಚುರುಕಿನಿಂದ ಕಣ್ಣು ತೆಗೆಯಲಾಗಲಿಲ್ಲ.

ಕೊಂಡ ಮಾಂಸವನ್ನು ಅಂಗಡಿಯಿಂದ ಗಿರಾಕಿಯ ವಾಹನಕ್ಕೆ ಸಾಗಿಸುವ ಹಮಾಲರಿಗೆ ಇಲ್ಲಿ ಬಮ್ಮರೀ ಎನ್ನುತ್ತಾರೆ. ವಯಸ್ಸಾದ ಒಬ್ಬ ಬಂಡಿ ನಿಲ್ಲಿಸಿ ದಾರಿ ಬಿಟ್ಟ. ಮ್ಯೂಸಿಯಂ ವಿಚಾರ ತೆಗೆದೆ. ಒಳ್ಳೆಯದೇ, ಕಟ್ಟಡ ಉಳಿಯುತ್ತದಲ್ಲ ಎಂದ. ಅವನ ತಂದೆಯೂ ಇಲ್ಲಿಯೇ ದುಡಿದವನಂತೆ. ನೀವು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ ಭುಜ ಕುಣಿಸಿ ಬಂಡಿ ತಳ್ಳಿಕೊಂಡು ಹೋದ.

ಆ ಪ್ರಶ್ನೆ ನಾನು ಸುಮ್ಮನೆ ಕೇಳಿದ್ದಲ್ಲ. ಮಾರುಕಟ್ಟೆಯ ಒಡೆತನ ಸಿಟಿ ಆಫ್ ಲಂಡನ್ ಕಾರ್ಪೊರೇಷನ್ನಿನದು. ಮ್ಯೂಸಿಯಂಗೆ ಹಣ ಕೊಡುತ್ತಿರುವವರಲ್ಲಿ ಮುಖ್ಯರೂ ಅವರೇ. ಮಾಂಸದ ಈ ಮಂಡಿಯನ್ನೂ ಬಿಲಿಂಗ್ಸ್‌ಗೇಟ್ ಮೀನು ಮಂಡಿಯನ್ನೂ ಪೂರ್ವದ ಡ್ಯಾಗನಮ್ಮಿಗೆ ಸಾಗಿಸುವ ಯೋಜನೆಯಿತ್ತು. ಖರ್ಚು ಏರಿತು, ಯೋಜನೆ ನಿಂತಿತು. 2024ರ ನವೆಂಬರಿನಲ್ಲಿ ಕಾರ್ಪೊರೇಷನ್ ವ್ಯಾಪಾರಿಗಳಿಗೆ ಪರಿಹಾರ ಕೊಟ್ಟು ಎರಡೂ ಮಂಡಿಗಳನ್ನು ನಡೆಸುವ ಹೊಣೆಯಿಂದ ಹೊರಬರಲು ತೀರ್ಮಾನಿಸಿತು. ಸಂಸತ್ತಿನಲ್ಲಿ ಅದಕ್ಕೆ ಬೇಕಾದ ಮಸೂದೆಯನ್ನೂ ಮಂಡಿಸಿತು. ಕನಿಷ್ಠ 2028ರವರೆಗೆ ವ್ಯಾಪಾರ ನಡೆಯುತ್ತದೆ, ಆಮೇಲೆ ಈ ಮುಖ್ಯ ಕಟ್ಟಡಗಳೂ ಬೇರೆ ಬಳಕೆಗೆ ಹೋಗುತ್ತವೆ ಎಂಬುದು ನಾನಿದ್ದಾಗಿನ ಮಾತು. ಅಂದರೆ ಕೋಳಿ ಮಾರುಕಟ್ಟೆಯಲ್ಲಿ ಮ್ಯೂಸಿಯಂನ ಎರಡನೆಯ ಬಾಗಿಲು ತೆರೆಯುವ ವರ್ಷವೇ ಪಕ್ಕದ ಗೋಡೆಯಾಚೆ ಮಾಂಸದ ಅಂಗಡಿಗಳು ಬಾಗಿಲೆಳೆಯಬಹುದು.

ಊರಿನ ಬದುಕನ್ನು ತೋರಿಸಬೇಕಾದ ಮ್ಯೂಸಿಯಂ ಬರುತ್ತಿರುವ ಹೊತ್ತಿಗೇ ಆ ಬದುಕು ಎದ್ದು ನಡೆಯುತ್ತಿದೆ. ಇದರಲ್ಲಿ ಮ್ಯೂಸಿಯಂನ ತಪ್ಪಿಲ್ಲ. ಖಾಲಿ ಬಿದ್ದಿದ್ದ ಜನರಲ್ ಮಾರ್ಕೆಟ್ಟಿಗೆ ಅದು ಬಂದದ್ದು, ಯಾರನ್ನೂ ಒಕ್ಕಲೆಬ್ಬಿಸಿ ಅಲ್ಲ. ಆದರೂ ಹೊಣೆ ಅದರ ಮೇಲೆ ಬೀಳುತ್ತದೆ. ಹಳೆಯ ಕಟ್ಟಡಕ್ಕೆ ಹೋಗುವ ಮ್ಯೂಸಿಯಂ ಅದರ ಕಂಬ, ಕಮಾನು, ಇಟ್ಟಿಗೆಯ ಚೆಲುವನ್ನು ಪಡೆದುಕೊಳ್ಳುತ್ತದೆ. ಆ ಕಂಬಗಳ ನಡುವೆ ಬೆನ್ನು ಬಗ್ಗಿಸಿದವರ ಕಥೆಯನ್ನೂ ಅದರ ಜೊತೆಗೇ ಪಡೆದುಕೊಳ್ಳಬೇಕು, ಮೊದಲ ಸಾಲಿನಲ್ಲಿ ಇಡಬೇಕು. ಇಲ್ಲದಿದ್ದರೆ 2014ರಲ್ಲಿ ಬೇಡವೆಂದದ್ದನ್ನೇ, ಮುಖ ಉಳಿಸಿ ಒಳಗನ್ನು ತೆಗೆಯುವುದನ್ನೇ, ಇನ್ನೊಂದು ರೀತಿಯಲ್ಲಿ ಮಾಡಿದ ಹಾಗಾಗುತ್ತದೆ.

ಇದು ಆಗದ ಮಾತಲ್ಲ ಎನ್ನಲು ಪುರಾವೆ ಇದೇ ಮ್ಯೂಸಿಯಂ ಬಳಿ ಇದೆ. ಕ್ಯಾನರಿ ವಾರ್ಫಿನ ಗಾಜಿನ ಗೋಪುರಗಳ ಬುಡದಲ್ಲಿ, ವೆಸ್ಟ್ ಇಂಡಿಯಾ ಕೀ ಎಂಬಲ್ಲಿ, ಅದರ ಶಾಖೆ 2003ರಿಂದ ನಡೆಯುತ್ತಿದೆ. ಕಟ್ಟಡ 1802ರ ಸಕ್ಕರೆ ಗೋದಾಮು. ಕೆರೀಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬಂದ ಸಕ್ಕರೆ, ಕಾಫಿ, ರಮ್ಮಿನ ಪೀಪಾಯಿಗಳನ್ನು ಇಲ್ಲಿ ಇಳಿಸುತ್ತಿದ್ದರು. ತಗ್ಗಿದ ಚಾವಣಿ, ಸೊಂಟದಷ್ಟು ದಪ್ಪದ ಮರದ ಕಂಬಗಳು, ಸಣ್ಣ ಕಿಟಕಿಗಳಿಗೆ ಕಬ್ಬಿಣದ ಸರಳು. ಹಲಗೆಯ ನೆಲ ಹೆಜ್ಜೆಗೊಮ್ಮೆ ಕಿರುಗುಟ್ಟುತ್ತದೆ.

2007ರಲ್ಲಿ, ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿದ 200ನೆಯ ವರ್ಷಕ್ಕೆ, ಅಲ್ಲಿ ಸಕ್ಕರೆ ಮತ್ತು ಗುಲಾಮಗಿರಿಯ ಗ್ಯಾಲರಿ ತೆರೆದರು. ಒಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ಲಂಡನ್ನಿನಿಂದ ಹೊರಟ ಗುಲಾಮರ ಹಡಗುಗಳ ಉದ್ದನೆಯ ಪಟ್ಟಿ. ಹಡಗಿನ ಹೆಸರುಗಳು ಮುದ್ದಾಗಿವೆ, ಮನೆಮಕ್ಕಳಿಗೆ ಇಡುವಂಥವು. ಅವುಗಳ ಹೊಟ್ಟೆಯಲ್ಲಿ ಸಾಗಿಸಿದ ಮನುಷ್ಯರಿಗೆ ಆ ಪಟ್ಟಿಯಲ್ಲಿ ಸಂಖ್ಯೆ ಮಾತ್ರ ಇದೆ. ಇದನ್ನು ಬೇರೆ ಯಾವ ಕಟ್ಟಡದಲ್ಲಿ ಓದಿದ್ದರೂ ಮಾಹಿತಿಯಾಗುತ್ತಿತ್ತು. ಅದೇ ಸಕ್ಕರೆಯ ಭಾರ ಹೊತ್ತ ಹಲಗೆಗಳ ಮೇಲೆ ನಿಂತು ಓದುವಾಗ ಕಾಲ ಕೆಳಗಿನ ನೆಲವೇ ಸಾಕ್ಷಿ ಹೇಳುತ್ತದೆ. ಈ ಹಡಗುಕಟ್ಟೆ ಕಟ್ಟಿಸಿದವರಲ್ಲಿ ಮುಂದಾಳಾಗಿದ್ದ ರಾಬರ್ಟ್ ಮಿಲಿಗನ್ ಜಮೈ‌ಕಾದ ತೋಟಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ವ್ಯಾಪಾರಿ. ಅವನ ಪ್ರತಿಮೆ ಮ್ಯೂಸಿಯಂ ಬಾಗಿಲ ಮುಂದೆಯೇ ಇತ್ತು. 2020ರ ಜೂನ್ 9ರಂದು ಅದನ್ನು ಇಳಿಸಿದರು. ಸ್ಕೂಲು ಮಕ್ಕಳ ಗುಂಪೊಂದು ನೆಲದ ಮೇಲೆ ಕೂತು ಪ್ರಶ್ನೆ ಬರೆದುಕೊಳ್ಳುತ್ತಿತ್ತು. ಕಟ್ಟಡವನ್ನು ಚೆಂದಗಾಣಿಸಲು ಹೋಗದೆ ಅದರ ಬಾಯಿಂದಲೇ ನಿಜ ಹೇಳಿಸಿದ್ದಕ್ಕೆ ಆ ಮ್ಯೂಸಿಯಂನವರಿಗೆ ನಾನು ಮನಸಾರೆ ನಮಿಸಿದೆ.

ಮತ್ತೆ ಸ್ಥಳಾಂತರದ ಮಾತಿಗೆ ಬಂದರೆ, ಮ್ಯೂಸಿಯಂನ ಒಟ್ಟು ಸಂಗ್ರಹ 70 ಲಕ್ಷಕ್ಕೂ ಹೆಚ್ಚು ವಸ್ತುಗಳದು. ಎಲ್ಲವೂ ಹೊಸ ಕಟ್ಟಡಕ್ಕೆ ಬರುವುದಿಲ್ಲ, ಬಹುಪಾಲು ಉಗ್ರಾಣಗಳಲ್ಲಿಯೇ ಇರುತ್ತದೆ. ಬರುವ ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ನೋಡಿ, ಫೋಟೋ ತೆಗೆದು, ಎಲ್ಲಿ ಬಿರುಕು ಎಲ್ಲಿ ಹುಳು ಎಂದು ಬರೆದು, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಅದರದೇ ಆಕಾರಕ್ಕೆ ಕೊರೆದ ಫೋಮಿನಲ್ಲಿ ಕೂರಿಸಬೇಕು. ಸೆಲ್ಫ್ರಿಜಸ್ ಅಂಗಡಿಯ 1928ರ ಕಂಚಿನ ಲಿಫ್ಟೂ, ರೋಮನ್ ಹೆಂಗಸಿನ ಸೀಸದ ಶವಪೆಟ್ಟಿಗೆಯೂ, 2017ರಲ್ಲಿ ವೈಟ್‌ಚಾಪೆಲ್ಲಿನ ಚರಂಡಿಯಲ್ಲಿ ಸಿಕ್ಕಿದ ಕೊಬ್ಬಿನ ಗುಡ್ಡದ ಒಂದು ತುಣುಕೂ ಈ ಒಂದೇ ಸಂಸಾರದವು. ಆ ಗುಡ್ಡ 250 ಮೀಟರ್ ಉದ್ದ, 130 ಟನ್ ತೂಕವಿತ್ತು. ಅದನ್ನು ಗುದ್ದಲಿ, ನೀರಿನ ಕೊಳವೆ ಹಿಡಿದು ಒಡೆದವರು ವಾರಗಟ್ಟಲೆ ನೆಲದಡಿ ದುಡಿದರು.

ಎಲ್ಲಕ್ಕಿಂತ ಬೆಲೆಬಾಳುವುದು ಚೀಪ್‌ಸೈಡ್ ನಿಧಿ. 1912ರಲ್ಲಿ ಹಳೆಯ ಮನೆಗಳನ್ನು ಕೆಡವುತ್ತಿದ್ದ ಕೂಲಿಗಳ ಹಾರೆಗೆ ನೆಲಮಾಳಿಗೆಯ ಕೆಳಗೆ ಸಿಕ್ಕಿದ್ದು. 16, 17ನೆಯ ಶತಮಾನದ ಸುಮಾರು 500 ಒಡವೆ, ಹರಳುಗಳು. ಕೂಲಿಗಳು ಅದನ್ನು ಒಯ್ದದ್ದು ಜಾರ್ಜ್ ಫೇಬಿಯನ್ ಲಾರೆನ್ಸ್ ಎಂಬವನ ಬಳಿಗೆ. ಅಗೆಯುವವರೆಲ್ಲ ಅವನನ್ನು ಸ್ಟೋನಿ ಜ್ಯಾಕ್ ಎನ್ನುತ್ತಿದ್ದರು. ಲಂಡನ್ನಿನ ಕಟ್ಟಡ ಕೆಲಸದ ಜಾಗಗಳನ್ನು ಸುತ್ತುತ್ತ, ಕೂಲಿಯವರ ಕೈಗೆ ಅಷ್ಟಿಷ್ಟು ಕಾಸಿಟ್ಟು, ಸಿಕ್ಕಿದ್ದನ್ನು ನನಗೇ ತನ್ನಿ ಎನ್ನುತ್ತಿದ್ದವನು. ಅವನ ಮೂಲಕ ನಿಧಿ ಮ್ಯೂಸಿಯಂ ಸೇರಿತು. ಅದರಲ್ಲಿ ಕೊಲಂಬಿಯಾದ ಪಚ್ಚೆಯಿದೆ, ಸಿಂಹಳದ ಹರಳುಗಳಿವೆ, ಭಾರತದ ವಜ್ರಗಳಿವೆ. ಆ ಕಾಲದಲ್ಲಿ ಭಾರತದ ವಜ್ರ ಎಂದರೆ ಹೆಚ್ಚಿನದು ದಖ್ಖನ್ನಿನದು, ನಮ್ಮ ಕೃಷ್ಣಾ ನದಿಯ ಬಯಲಿನಲ್ಲಿ ಗುಂಡಿ ತೋಡಿ ತೆಗೆದದ್ದು. ಗುಂಡಿ ತೋಡಿದವರ ಹೆಸರು ಗೊತ್ತಿಲ್ಲ. ಚೀಪ್‌ಸೈಡಿನ ಕೂಲಿಗಳ ಹೆಸರನ್ನೂ ಯಾರೂ ಹೇಳುವುದಿಲ್ಲ. ನಿಧಿಯ ಕಥೆಯಲ್ಲಿ ಹೆಸರು ಉಳಿದದ್ದು ಅವರಿಂದ ಕೊಂಡವನದು. ಹೊಸ ಕಟ್ಟಡದಲ್ಲಿ ಈ ನಿಧಿಗೆ ಖಾಯಂ ಗ್ಯಾಲರಿ ಬರುತ್ತದೆ. ಅಕ್ಕಸಾಲಿಗರ ಹಳೆಯ ಸಂಘ ಅದಕ್ಕೆ ಹಣ ಕೊಟ್ಟಿದೆ.

ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ್ದು ನೆಲಮಾಳಿಗೆ. ಮಾಂಸವನ್ನು ಮೊದಲು ತರುತ್ತಿದ್ದದ್ದು ರೈಲಿನಲ್ಲಿ, ಮಾರುಕಟ್ಟೆಯ ಕೆಳಗಿನ ಕಮಾನುಗಳಿಗೆ. ಆ ಹಳಿಗಳ ಮೇಲೆ ಥೇಮ್ಸ್‌ಲಿಂಕ್ ರೈಲುಗಳು ಈಗಲೂ ಓಡುತ್ತವೆ. ಗೋಡೆಯಲ್ಲಿ ಒಂದು ಕಿಟಕಿ ಬಿಡುತ್ತಾರಂತೆ. ಒಳಗಿನವರಿಗೆ ಹಾದುಹೋಗುವ ರೈಲು, ರೈಲಿನವರಿಗೆ ಮ್ಯೂಸಿಯಂ ಕಾಣುತ್ತದೆ. ಕೆಲಸಕ್ಕೆ ಹೋಗುತ್ತಿರುವ ಲಂಡನ್ನಿಗರನ್ನೇ ಪ್ರದರ್ಶನದ ಒಂದು ಭಾಗ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತೋಚದು. ಕಟ್ಟಡವನ್ನು ದುರಸ್ತಿ ಮಾಡುವಾಗ ಹಳೆಯ ಕೊಕೊ ಅಂಗಡಿಯೊಂದರ ಮುಂಭಾಗವೂ ಮರೆಯಿಂದ ಹೊರಬಂದಿದೆ. ಮಾರುಕಟ್ಟೆಯ ಕೆಲಸಗಾರರು ಚಳಿಗೆ ಹೆಂಡದಂಗಡಿ ಹೊಗದೆ ಬಿಸಿ ಕೊಕೊ ಕುಡಿಯಲಿ ಎಂದು ಪಾನನಿರೋಧದವರು ನಡೆಸುತ್ತಿದ್ದಂಥ ಅಂಗಡಿ. ಅದನ್ನು ಉಳಿಸಿಕೊಳ್ಳುತ್ತಿದ್ದಾರೆ.

ಹೊರಡುವ ಮುನ್ನ ಮ್ಯೂಸಿಯಂನವರಿಗೆ ಒಂದು ಪತ್ರ ಬರೆದೆ. ರಾತ್ರಿ ಮಂಡಿಯ ಹಮಾಲರು, ಗರಗಸ ಹಿಡಿದವರು, ಲೆಕ್ಕ ಬರೆಯುವವರು ಚದುರಿಹೋಗುವ ಮೊದಲು ಅವರವರ ದನಿಯಲ್ಲೇ ಅವರ ಕೆಲಸದ ವಿವರ ದಾಖಲಾಗಲಿ, ಬೆರಳು ತೋರಿದಷ್ಟೇ ದಪ್ಪಕ್ಕೆ ಮಾಂಸ ಕೊಯ್ಯುವುದು ಹೇಗೆ ಎಂಬುದೂ ಸೇರಿ. 1945ರ ಮಾರ್ಚಿನಲ್ಲಿ ಸಾಲಿನಲ್ಲಿ ನಿಂತು ಸತ್ತವರ ಹೆಸರುಗಳು ಅವರು ಸತ್ತ ಕಟ್ಟಡದೊಳಗೇ ಎಲ್ಲರ ಕಣ್ಣಿಗೂ ಬೀಳುವಂತಿರಲಿ. ಚೀಪ್‌ಸೈಡ್ ನಿಧಿಯ ಫಲಕದಲ್ಲಿ ಹಾರೆ ಹಿಡಿದವರ, ಕೃಷ್ಣೆಯ ದಂಡೆಯಲ್ಲಿ ಗುಂಡಿ ತೋಡಿದವರ ಮಾತೂ ಬರಲಿ.

ಕಳಿಸುವ ಮುಂಚೆ ಅಕ್ಕನ ಮಗಳಿಗೆ ಓದಿ ಹೇಳಿದೆ. ಅವಳು ಆಗಷ್ಟೇ ಪಾಳಿ ಮುಗಿಸಿ ಬಂದು ಟೀ ಕಾಯಿಸುತ್ತಿದ್ದಳು.

"ನನ್ನದೂ ಒಂದು ಸೇರಿಸಿ ಚಿಕ್ಕಮ್ಮ. ಹತ್ತು ಗಂಟೆಗೆ ಬಾಗಿಲು ತೆಗೆದ್ರೆ ನಮ್ಮಂಥೋರು ಆ ಹೊತ್ತಿಗೆ ನಿದ್ದೆ. ಈ ದೇಶಕ್ಕೆ ಬಂದಾಗಿಂದ ನಾನು ಒಂದು ಮ್ಯೂಸಿಯಮ್ಮೂ ಸರಿಯಾಗಿ ನೋಡಿಲ್ಲ. ವಾರಕ್ಕೊಂದು ದಿನವಾದ್ರೂ ಬೆಳಿಗ್ಗೆ ಆರಕ್ಕೇ ತೆಗೀಲಿ. ಆಸ್ಪತ್ರೆಯೋರು, ಮಾರ್ಕೆಟ್ಟೋರು, ಕಸ ಗುಡಿಸೋರು, ಬಸ್ಸಿನೋರು ಎಲ್ಲಾ ಬರ್ತೀವಿ ಅಂತ ಬರೀರಿ."

ಅವಳು ಹೇಳಿದ ಹಾಗೆಯೇ ಬರೆದು, ಕೆಳಗೆ ಅವಳ ಸಹಿಯನ್ನೂ ಹಾಕಿಸಿ ಕಳಿಸಿದೆ.